ಶ್ರುತಿ ಹಿಡಿದ ದುಃಖ: ಬ್ರಾಮ್ಸ್‌ನ ‘ಜರ್ಮನ್ ರೆಕ್ವಿಯೆಮ್’ ಕೇಳಿದ ಮೇಲೆ

ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಸ್ವರಲಿಪಿ ಓದಲು ನನಗೆ ಬಾರದು. ಕಾಸರಗೋಡು ತಾಲೂಕಿನ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ಮೂವತ್ತು ವರ್ಷ ಪಂಪನನ್ನೂ ಕುಮಾರವ್ಯಾಸನನ್ನೂ ಕಲಿಸಿ ನಿವೃತ್ತನಾದವನು ನಾನು. ಸಂಗೀತವೆಂದರೆ ನನ್ನ ಮಟ್ಟಿಗೆ ಸಂಜೆಯ ಭಜನೆ, ಮಳೆಗಾಲದ ತಾಳಮದ್ದಳೆಯಲ್ಲಿ ಭಾಗವತರ ಏರುದನಿ, ಅಪರೂಪಕ್ಕೊಮ್ಮೆ ರೇಡಿಯೋದಲ್ಲಿ ಬರುತ್ತಿದ್ದ ಕಚೇರಿ. ಅಂಥವನು ಜರ್ಮನಿಯ ಒಂದು ವೃಂದಗಾನದ ಬಗ್ಗೆ ಮಾತಾಡಹೊರಡುವುದು ಉದ್ಧಟತನವೆನಿಸಬಹುದು. ಆದರೆ ಒಂದು ಕೃತಿ ಮೂವತ್ತು ವರ್ಷ ನಮ್ಮನ್ನು ಬಿಡದೆ ಹಿಡಿದುಕೊಂಡರೆ ಅದಕ್ಕೊಂದು ಉತ್ತರ ಕೊಡಬೇಕಾದ ಋಣ ಕೇಳುಗನ ಮೇಲೂ ಇರುತ್ತದೆ.

1994ರ ಆಟಿ ತಿಂಗಳಲ್ಲಿ ನನ್ನ ತಾಯಿ ತೀರಿಕೊಂಡರು. ಬೊಜ್ಜ ಮುಗಿಸಿ ಶಾಲೆಗೆ ಹೋದ ಮೊದಲ ದಿನ, ಮಲಯಾಳ ವಿಭಾಗದ ನನ್ನ ಸಹೋದ್ಯೋಗಿ ಏನೂ ಮಾತಾಡದೆ ಒಂದು ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಅವರ ತಮ್ಮ ಗಲ್ಫಿನಿಂದ ತಂದದ್ದು. ನಾವಿಬ್ಬರೂ ಪರಸ್ಪರ ‘ಮಾಷೇ’ ಎಂದೇ ಕರೆದುಕೊಳ್ಳುತ್ತಿದ್ದವರು. ಅವರು ಮಲಯಾಳದಲ್ಲಿ ಮಾತಾಡಿದರೆ ನಾನು ಕನ್ನಡದಲ್ಲಿ ಉತ್ತರಿಸುವುದು, ಇಬ್ಬರಿಗೂ ಎಲ್ಲವೂ ತಿಳಿಯುವುದು, ಇದು ನಮ್ಮಲ್ಲಿ ರೂಢಿ. “ಮಾಷೇ, ಇದು ಸತ್ತವರಿಗಾಗಿ ಹಾಡುವ ಹಾಡು. ಆದರೆ ಬದುಕಿರುವವರು ಕೇಳಬೇಕಾದದ್ದು” ಎಂದಷ್ಟೇ ಅಂದರು. ಹೊದಿಕೆಯ ಮೇಲೆ ಯೊಹಾನಸ್ ಬ್ರಾಮ್ಸ್ ಎಂಬ ಹೆಸರಿತ್ತು. ಒಟ್ಟೊ ಕ್ಲೆಂಪರರ್ ನಡೆಸಿಕೊಟ್ಟ, 1961ರಲ್ಲಿ ಲಂಡನ್ನಿನಲ್ಲಿ ಮುದ್ರಣವಾದ ಗಾಯನ. ಅದರಲ್ಲಿ ಒಂಟಿಯಾಗಿ ಹಾಡಿದವರು ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಮತ್ತು ಡೀಟ್ರಿಶ್ ಫಿಶರ್-ಡೀಸ್ಕಾವ್ ಎಂಬ ಇಬ್ಬರು ಜರ್ಮನ್ ಗಾಯಕರು. ಉಳಿದ ಗಾಯಕವೃಂದ ಲಂಡನ್ನಿನದೇ. ಬಹುಮಂದಿ ತಮ್ಮ ತಾಯ್ನುಡಿಯಲ್ಲದ ಭಾಷೆಯಲ್ಲಿ ಹಾಡುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದಾಗ ಒಂದು ಬಗೆಯ ಸಮಾಧಾನವಾಯಿತು.

ಮೊದಲ ಸಲ ಕೇಳಿದಾಗ ನನಗೇನೂ ಆಗಲಿಲ್ಲ. ಇದನ್ನು ಮುಚ್ಚಿಡಬಾರದು. ನೂರು ಕಂಠಗಳು ಒಟ್ಟಿಗೆ ಏರುತ್ತವೆ, ಇಳಿಯುತ್ತವೆ. ಒಂದು ಮಾತೂ ಅರ್ಥವಾಗದು. ರಾಗ ಯಾವುದೆಂದು ಹುಡುಕಿದರೆ ಸಿಗುವುದಿಲ್ಲ, ತಾಳ ಹಾಕಹೋದರೆ ಕೈ ತಪ್ಪುತ್ತದೆ. ಕ್ಯಾಸೆಟ್ ಹಿಂದಿರುಗಿಸುವ ಸೌಜನ್ಯಕ್ಕಾಗಿ ಎರಡನೆಯ ಸಲ ಹಾಕಿದೆ. ಹೊರಗೆ ಮಳೆ. ಎರಡನೆಯ ಭಾಗದಲ್ಲಿ ದೂರದಿಂದೆಂಬಂತೆ ಒಂದು ನಗಾರಿ ಬಡಿಯತೊಡಗಿತು. ಆಗ ಎದ್ದು ಹೋಗಿ ಬಾಗಿಲು ಹಾಕಿಕೊಂಡೆ.

ಕೃತಿಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಬ್ರಾಮ್ಸ್ 1833ರಲ್ಲಿ ಹ್ಯಾಂಬರ್ಗ್ ಪಟ್ಟಣದಲ್ಲಿ, ಸಣ್ಣಪುಟ್ಟ ಕೂಟಗಳಲ್ಲಿ ವಾದ್ಯ ನುಡಿಸಿ ಜೀವನ ಸಾಗಿಸುತ್ತಿದ್ದವನ ಮಗನಾಗಿ ಹುಟ್ಟಿದ. ತಾಯಿ ಕ್ರಿಸ್ಟಿಯಾನೆ ಗಂಡನಿಗಿಂತ ಹದಿನೇಳು ವರ್ಷ ಹಿರಿಯಳು. ಆ ಮದುವೆ ಕಡೆಗಾಲದಲ್ಲಿ ಮುರಿಯಿತು. ಗಂಡಹೆಂಡಿರು ಬೇರೆಯಾದ ಮರುವರ್ಷ, 1865ರ ಫೆಬ್ರವರಿಯಲ್ಲಿ, ಆಕೆ ತೀರಿಕೊಂಡಳು. ವಿಯೆನ್ನಾದಲ್ಲಿದ್ದ ಮಗ ಸುದ್ದಿ ತಿಳಿದು ಓಡಿಬಂದರೂ ಜೀವವಿದ್ದಾಗ ಮುಟ್ಟಲಾಗಲಿಲ್ಲ. ಅದಕ್ಕೂ ಮುಂಚೆ ಅವನಿಗೆ ಇನ್ನೊಂದು ಸಾವು ಎದುರಾಗಿತ್ತು. ಅವನನ್ನು ಲೋಕಕ್ಕೆ ಪರಿಚಯಿಸಿದ ಗುರುಸಮಾನ ರಾಬರ್ಟ್ ಶೂಮನ್ 1854ರಲ್ಲಿ ಬುದ್ಧಿ ಭ್ರಮಣೆಯಾಗಿ ರೈನ್ ನದಿಗೆ ಹಾರಿ, ಬದುಕುಳಿದು, ಎರಡು ವರ್ಷ ಆಸ್ಪತ್ರೆಯಲ್ಲಿದ್ದು 1856ರಲ್ಲಿ ಸತ್ತ. ಶೂಮನ್ ನದಿಗೆ ಹಾರಿದ ದಿನಗಳಲ್ಲಿ ಬ್ರಾಮ್ಸ್ ಬರೆಯಲು ಹೊರಟು ಕೈಬಿಟ್ಟ ಒಂದು ರಚನೆಯ ತುಣುಕೇ ಈ ರೆಕ್ವಿಯೆಮ್ಮಿನ ಎರಡನೆಯ ಭಾಗವಾಯಿತು. ನಾನು ಬಾಗಿಲು ಹಾಕಿಕೊಂಡು ಕೇಳಿದ್ದು ಅದನ್ನೇ. ಹತ್ತು ಹನ್ನೆರಡು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ದುಃಖವನ್ನು ಇನ್ನೊಂದು ದುಃಖ ಬಂದು ಎಬ್ಬಿಸಿದಂತೆ.

‘ರೆಕ್ವಿಯೆಮ್’ ಎಂದರೆ ಕ್ಯಾಥೊಲಿಕರಲ್ಲಿ ಮೃತರಿಗಾಗಿ ನಡೆಸುವ ಪೂಜೆ. ಅದರ ಮಾತುಗಳು ಲ್ಯಾಟಿನ್; ಶತಮಾನಗಳಿಂದ ಬದಲಾಗದವು. ಮೊದಲ ಮಾತಿನಲ್ಲೇ ಸತ್ತವರಿಗೆ ವಿಶ್ರಾಂತಿ ಕೊಡೆಂದು ದೇವರಲ್ಲಿ ಬೇಡಿಕೆ. ನಡುವೆ ಕೊನೆಯ ದಿನದ ತೀರ್ಪಿನ ಭಯಂಕರ ವರ್ಣನೆ. ಬ್ರಾಮ್ಸ್ ಇದೆಲ್ಲವನ್ನೂ ಬದಿಗಿಟ್ಟ. ಅವನು ಪ್ರಾಟೆಸ್ಟೆಂಟರ ಮನೆಯಲ್ಲಿ ಬೆಳೆದವನು. ಚಿಕ್ಕಂದಿನಿಂದ ಕೈಯಲ್ಲಿದ್ದ ಲೂಥರನ ಜರ್ಮನ್ ಬೈಬಲನ್ನು ತೆರೆದು, ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಎರಡರ ಹೊರಗಿನ ಜ್ಞಾನಗ್ರಂಥಗಳು ಇವುಗಳಿಂದ ತನಗೆ ಬೇಕಾದ ವಾಕ್ಯಗಳನ್ನು ತಾನೇ ಆಯ್ದು ಹೆಣೆದ. ಯಾವ ಪಾದ್ರಿಯನ್ನೂ ಕೇಳಲಿಲ್ಲ. ಆರಂಭದ ಮಾತೇ ಬೇರೆಯಾಯಿತು. ಲ್ಯಾಟಿನ್ ಪೂಜೆ ಸತ್ತವರಿಂದ ತೊಡಗಿದರೆ ಇವನ ಕೃತಿ ಅಳುತ್ತಿರುವವರಿಂದ ತೊಡಗುತ್ತದೆ. ಶೋಕಿಸುವವರು ಧನ್ಯರೆಂಬ ಗಿರಿಪ್ರವಚನದ ಆ ಮಾತಿನಿಂದ. ಸತ್ತವರು ಧನ್ಯರೆಂಬ ಮಾತು ಬರುವುದು ಏಳನೆಯ ಭಾಗದಲ್ಲಿ, ಕಟ್ಟಕಡೆಗೆ. ಇಷ್ಟು ಸರಳವಾದ ಹಿಂದುಮುಂದು ಮಾಡುವಿಕೆಯಲ್ಲಿ ಎಷ್ಟು ದೊಡ್ಡ ಧೈರ್ಯವಿದೆಯೆಂದು ನನಗೆ ಹೊಳೆದದ್ದು ಸ್ವಂತ ಅನುಭವದಿಂದ. ನನ್ನ ತಾಯಿಯ ಉತ್ತರಕ್ರಿಯೆಯ ದಿನಗಳಲ್ಲಿ ಪುರೋಹಿತರು ಹೇಳಿದ ಮಂತ್ರಗಳೆಲ್ಲ ಆಕೆಯ ಮುಂದಿನ ದಾರಿಯ ಕುರಿತಾಗಿದ್ದವು. ದರ್ಭೆ ಹಿಡಿದು ಕುಳಿತ ನನ್ನ ಕಡೆಗೆ ಆ ಮಾತುಗಳು ಒಮ್ಮೆಯೂ ತಿರುಗಲಿಲ್ಲ. ಇದು ದೂರಲ್ಲ, ಆ ಮಂತ್ರಗಳ ಕೆಲಸ ಅದಲ್ಲ. ನನ್ನ ತಾಯಿಗೂ ಆ ಸಂಸ್ಕೃತ ತಿಳಿಯುತ್ತಿರಲಿಲ್ಲ. ಆಕೆಗೆ ತಿಳಿದದ್ದು ಕನ್ನಡ, ತುಳು, ಮತ್ತೆ ಮೀನು ಮಾರುವವಳೊಡನೆ ಚರ್ಚೆಗೆ ಬೇಕಾಗುವಷ್ಟು ಮಲಯಾಳ.

ಹೆಸರಿನಲ್ಲಿ ‘ಜರ್ಮನ್’ ಎಂದಿದೆಯಲ್ಲ, ಅದು ಮೊದಮೊದಲು ನನ್ನನ್ನು ಚುಚ್ಚಿತ್ತು. ಆ ಜನಾಂಗದ ಅಭಿಮಾನ ಮುಂದಿನ ಶತಮಾನದಲ್ಲಿ ಏನೇನು ಮಾಡಿತೆಂದು ನಾವು ಬಲ್ಲೆವು. ಆದರೆ ಇಲ್ಲಿ ಆ ಶಬ್ದಕ್ಕೆ ಇರುವುದು ಭಾಷೆಯ ಅರ್ಥ, ಲ್ಯಾಟಿನ್ನಿನಲ್ಲಿಲ್ಲ ಎಂಬಷ್ಟೇ. 1868ರಲ್ಲಿ ಜರ್ಮನಿ ಎಂಬ ಏಕರಾಷ್ಟ್ರವೇ ಇರಲಿಲ್ಲ, ಅದು ಆದದ್ದು 1871ರಲ್ಲಿ. ಬ್ರೆಮೆನ್ ಪಟ್ಟಣದ ಮಹಾದೇವಾಲಯದ ಸಂಗೀತ ನಿರ್ದೇಶಕ ಕಾರ್ಲ್ ರೈನ್‌ಥಾಲರನಿಗೆ ಬರೆದ ಕಾಗದದಲ್ಲಿ ಬ್ರಾಮ್ಸ್ ತಾನೇ ಹೇಳಿದ್ದಾನೆ: ‘ಜರ್ಮನ್’ ಎಂಬುದನ್ನು ತೆಗೆದುಹಾಕಿ ‘ಮಾನವ’ ಎಂದು ಹಾಕಲು ತನಗೆ ಸಂತೋಷವೇ ಎಂಬ ಅರ್ಥದಲ್ಲಿ. ಹಾಕಲಿಲ್ಲವೆನ್ನುವುದೂ ನಿಜ. ಹಾಕದೆ ಇದ್ದುದೇ ಒಳ್ಳೆಯದಾಯಿತೆಂದು ನನಗೆ ಈಗ ಅನಿಸುತ್ತದೆ. ಮಾನವನ ಅಳು ಎಂಬುದು ಯಾವಾಗಲೂ ಒಂದು ಮನೆಯಲ್ಲಿ, ಒಂದು ಮಾತಿನಲ್ಲಿ ಹುಟ್ಟುತ್ತದೆ. ಭಾಷಾ ಅಲ್ಪಸಂಖ್ಯಾತರೆಂದು ಕಾಗದಪತ್ರಗಳಲ್ಲಿ ಕರೆಸಿಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ರೈನ್‌ಥಾಲರ್ ಬರೆದದ್ದೇನೆಂಬುದನ್ನೂ ನೋಡಬೇಕು, ಏಕೆಂದರೆ ಈ ಕೃತಿಯ ಆಧ್ಯಾತ್ಮಿಕತೆಯ ಪ್ರಶ್ನೆ ಅಲ್ಲೇ ಇದೆ. ಕೃತಿಯನ್ನು ತಿರುವಿ ನೋಡಿದ ಆತ ವಿನಯದಿಂದಲೇ ಒಂದು ಆಕ್ಷೇಪವೆತ್ತಿದ: ಎಲ್ಲ ಇದೆ, ಆದರೆ ಕ್ರೈಸ್ತನ ಪಾಲಿಗೆ ಎಲ್ಲದರ ನಡುಗಂಬವಾದ ಕ್ರಿಸ್ತನ ಬಿಡುಗಡೆಯ ಮರಣವೇ ಇದರಲ್ಲಿಲ್ಲವಲ್ಲ? ಇಡೀ ಕೃತಿಯಲ್ಲಿ ಕ್ರಿಸ್ತನ ಹೆಸರು ಒಮ್ಮೆಯೂ ಬರುವುದಿಲ್ಲ. ಬ್ರಾಮ್ಸ್ ಬಗ್ಗಲಿಲ್ಲ, ತಿಳಿದೇ ಬಿಟ್ಟಿದ್ದೇನೆ ಎಂಬ ಧಾಟಿಯಲ್ಲಿ ಉತ್ತರಿಸಿದ. ಕೊನೆಗೆ 1868ರ ಏಪ್ರಿಲ್ 10, ಶುಭ ಶುಕ್ರವಾರದಂದು ಬ್ರೆಮೆನ್ನಿನಲ್ಲಿ ಬ್ರಾಮ್ಸನೇ ನಿಂತು ಹಾಡಿಸಿದಾಗ ಒಂದು ರಾಜಿ ನಡೆಯಿತು. ಹ್ಯಾಂಡೆಲನ ‘ಮೆಸಾಯ’ದಿಂದ, ವಿಮೋಚಕನು ಜೀವಂತವಾಗಿದ್ದಾನೆಂದು ಸಾರುವ ಪ್ರಸಿದ್ಧ ಗೀತೆಯನ್ನು ಅಮಾಲಿಯೆ ಯೋಆಖಿಮ್ ಹಾಡಿದಳು. ಅವಳ ಗಂಡ, ಆ ಕಾಲದ ಪಿಟೀಲಿನ ಮಹಾವಿದ್ವಾಂಸ ಯೋಸೆಫ್ ಯೋಆಖಿಮ್, ಅಂದು ಪಿಟೀಲು ನುಡಿಸಿದ. ಕೇಳುಗರಲ್ಲಿ ಶೂಮನ್ನನ ವಿಧವೆ ಕ್ಲಾರಾ ಇದ್ದಳು, ಬ್ರಾಮ್ಸನ ತಂದೆಯೂ ಇದ್ದ.

ರೈನ್‌ಥಾಲರನನ್ನು ಸಂಕುಚಿತನೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೃತಿಯನ್ನು ತನ್ನ ದೇವಾಲಯಕ್ಕೆ ಬರಮಾಡಿಕೊಂಡವನು, ಗಾಯಕರನ್ನು ತಿಂಗಳುಗಟ್ಟಲೆ ತಯಾರು ಮಾಡಿದವನು ಆತನೇ. ನಂಬಿಕೆಯುಳ್ಳ ಕೇಳುಗನೊಬ್ಬ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ: ಯಾರ ಮೇಲೆ ಭಾರ ಹಾಕಿ ಈ ಸಮಾಧಾನ? ದ್ವೋರ್ಜಾಕ್‌ ಎಂಬ ಇನ್ನೊಬ್ಬ ಸಂಗೀತಗಾರ, ಬ್ರಾಮ್ಸನಿಂದ ಉಪಕೃತನಾದವನು, ಇಷ್ಟು ದೊಡ್ಡ ಮನುಷ್ಯ ಏನನ್ನೂ ನಂಬುವುದಿಲ್ಲವಲ್ಲ ಎಂದು ಮರುಗಿದನಂತೆ. ಆಗಿನ ಜರ್ಮನಿಯಲ್ಲಿ ಇದು ಒಬ್ಬನ ಕತೆಯಾಗಿರಲಿಲ್ಲ. ಡೇವಿಡ್ ಸ್ಟ್ರಾಸ್ ಎಂಬ ಪಂಡಿತ 1835ರಲ್ಲಿ ಯೇಸುವಿನ ಜೀವನದ ಕುರಿತ ಗ್ರಂಥ ಬರೆದು, ಪವಾಡಗಳನ್ನು ಪುರಾಣವೆಂದು ಕರೆದು, ಆ ನಾಡನ್ನು ಅಲುಗಾಡಿಸಿದ್ದ. ನಮ್ಮ ಓದುಗರಿಗೆ ಒಂದು ಕುತೂಹಲದ ಸಂಗತಿ: ಆ ಸ್ಟ್ರಾಸ್ ಟ್ಯೂಬಿಂಗೆನ್ನಿನಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿ ಓದುತ್ತಿದ್ದವರಲ್ಲಿ ಒಬ್ಬರು, ಮುಂದೆ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಕುಳಿತು ಮಲಯಾಳ ಭಾಷೆಗೆ ದುಡಿದ ಹೆರ್ಮನ್ ಗುಂಡರ್ಟರು. ಒಂದೇ ಬಿರುಗಾಳಿ ಗುಂಡರ್ಟರನ್ನು ಮಿಶನಿಗೆ ಅಟ್ಟಿತು, ಮುಂದಿನ ತಲೆಮಾರಿನ ಬ್ರಾಮ್ಸನನ್ನು ಬೈಬಲ್ ಹಿಡಿದ ಸಂಶಯಿಯನ್ನಾಗಿ ಉಳಿಸಿತು. ಗುಂಡರ್ಟರ ಮಲಯಾಳ ನಿಘಂಟು ಅಚ್ಚಾದದ್ದು 1872ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ನಮ್ಮ ಕನ್ನಡ ನಿಘಂಟಿನ ಕಿಟೆಲರು ಬ್ರಾಮ್ಸನಿಗಿಂತ ಒಂದು ವರ್ಷಕ್ಕೆ ಹಿರಿಯರು, ಅವರದೂ ಉತ್ತರ ಜರ್ಮನಿಯೇ. ಆ ಮಿಶನರಿಗಳು ಲೂಥರನ ಬೈಬಲಿನ ಜೊತೆಗೆ ನಾಲ್ಕು ಧ್ವನಿಗಳಲ್ಲಿ ಕೂಡಿ ಹಾಡುವ ಅಭ್ಯಾಸವನ್ನೂ ಕರಾವಳಿಗೆ ತಂದರು. ಜರ್ಮನ್ ಧಾಟಿಗೆ ಹೊಂದಿಸಿದ ಕನ್ನಡ ಗೀತಗಳು ಮಂಗಳೂರಿನ ಆ ಸಭೆಗಳಲ್ಲಿ ಇಂದಿಗೂ ಕೇಳಿಸುತ್ತವೆ. ಬ್ರಾಮ್ಸನ ವೃಂದಗಾನಕ್ಕೂ ಆ ಗೀತಗಳಿಗೂ ಬೇರು ಒಂದೇ. ನಾವು ಕೇಳಿ ಬಲ್ಲ ಗಿಡದ ದೊಡ್ಡ ಮರವೆಂದುಕೊಂಡರೆ ಪರಕೀಯತೆ ಅರ್ಧ ಕಳೆಯುತ್ತದೆ.

ಈಗ ಆ ನಗಾರಿಗೆ ಬರೋಣ. ಎರಡನೆಯ ಭಾಗ ಶವಯಾತ್ರೆಯ ನಡಿಗೆಯಂತಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಮೂರೆಣಿಕೆಯ ತಾಳ. ಎರಡು ಕಾಲಿನ ಮನುಷ್ಯ ಮೂರೆಣಿಕೆಗೆ ನಡೆದರೆ ಒಮ್ಮೆ ಬಲಗಾಲಿಗೆ ಪೆಟ್ಟು, ಮರುಸಲ ಎಡಗಾಲಿಗೆ. ಹೆಣ ಹೊತ್ತವರ ಹೆಜ್ಜೆ ಹಾಗೆಯೇ ಅಲ್ಲವೇ, ಹೆಗಲು ಬದಲಿಸುತ್ತ, ತಪ್ಪುತ್ತ, ಸರಿಹೋಗುತ್ತ? ಟಿಂಪನಿ ಎಂಬ ಆ ದೊಡ್ಡ ನಗಾರಿ ಕೆಳಗೆ ಪಿಸುಗುಟ್ಟುತ್ತಲೇ ಇರುತ್ತದೆ. ಗಾಯಕರೆಲ್ಲ ತಗ್ಗಿದ ಸ್ಥಾಯಿಯಲ್ಲಿ, ಏಕಕಂಠದಲ್ಲಿ, ಮನುಷ್ಯನ ದೇಹ ಹುಲ್ಲಿನಂತೆ ಎಂಬ ಮಾತನ್ನು ಹೇಳುತ್ತಾರೆ. ಅಲ್ಲಿ ಯಾವ ಅಲಂಕಾರವೂ ಇಲ್ಲ. ಅದೇ ಮಾತು, ಅದೇ ಸ್ವರಗಳು ಮತ್ತೊಮ್ಮೆ ಬರುವಾಗ ಇಡೀ ವಾದ್ಯವೃಂದ ಎದ್ದುನಿಂತಂತೆ ಗುಡುಗುತ್ತದೆ. ಹೊಸದಾಗಿ ಏನನ್ನೂ ಹೇಳಿಲ್ಲ. ಸಾವಿನ ಸುದ್ದಿಯೂ ಹಾಗೆಯೇ: ಮೊದಲು ಕಿವಿಯಲ್ಲಿ ಯಾರೋ ಮೆಲ್ಲಗೆ ಹೇಳುತ್ತಾರೆ, ಅರ್ಧ ಗಂಟೆ ಕಳೆದು ಅದೇ ವಾಕ್ಯ ಒಳಗೆ ಬಡಿಯತೊಡಗುತ್ತದೆ. ನಡುವೆ ಒಂದು ಕಡೆ, ರೈತನು ಮಳೆಗಾಗಿ ತಾಳ್ಮೆಯಿಂದ ಕಾಯುವ ಉಪಮೆ ಬರುವಲ್ಲಿ, ಸಂಗೀತ ತಟ್ಟನೆ ಹಗುರವಾಗಿ ಹನಿ ಬಿದ್ದಂತೆ ಕೇಳಿಸುತ್ತದೆ. ಅದು ಸಮಾಧಾನವೆಂದುಕೊಳ್ಳುವಷ್ಟರಲ್ಲಿ ನಗಾರಿ ಮತ್ತೆ ಬರುತ್ತದೆ. ಬ್ರಾಮ್ಸ್ ನಮ್ಮನ್ನು ಮೋಸಗೊಳಿಸುವುದಿಲ್ಲ. ಈ ಕೃತಿಯ ಬಗ್ಗೆ ನಾನು ಹೇಳಬಹುದಾದ ಅತಿ ದೊಡ್ಡ ಹೊಗಳಿಕೆ ಅದೇ.

ಮೂರನೆಯ ಭಾಗದ ಕತೆ ಇನ್ನೂ ಸ್ವಾರಸ್ಯದ್ದು. ಬ್ರೆಮೆನ್ನಿಗೂ ಮೊದಲು, 1867ರ ಡಿಸೆಂಬರ್ 1ರಂದು, ಮೊದಲ ಮೂರು ಭಾಗಗಳನ್ನಷ್ಟೇ ವಿಯೆನ್ನಾದಲ್ಲಿ ಹಾಡಿಸಿದ್ದರು. ಮೂರನೆಯದರ ಕೊನೆಗೆ ಒಂದು ಫ್ಯೂಗ್ ಇದೆ. ಫ್ಯೂಗ್ ಎಂದರೆ ಒಂದು ಧ್ವನಿ ಹಾಡಿದ ಸಾಲನ್ನು ಇನ್ನೊಂದು ಧ್ವನಿ ಹಿಡಿದು, ಅದನ್ನು ಮೂರನೆಯದು ಹಿಡಿದು, ಎಲ್ಲವೂ ಹೆಣೆದುಕೊಂಡು ಸಾಗುವ ರಚನೆ. ಈ ಫ್ಯೂಗಿನುದ್ದಕ್ಕೂ ತಳದ ವಾದ್ಯಗಳು ಮತ್ತು ಟಿಂಪನಿ ಒಂದೇ ಒಂದು ಸ್ವರವನ್ನು ಬಿಡದೆ ಹಿಡಿದಿರಬೇಕು. ಅಂದು ಟಿಂಪನಿಯವನು ಸೂಚನೆಯನ್ನು ತಪ್ಪಾಗಿ ಓದಿಕೊಂಡು, ಮೆಲ್ಲಗೆ ನುಡಿಸಬೇಕಾದದ್ದನ್ನು ಶಕ್ತಿಯಿದ್ದಷ್ಟು ಬಡಿದ. ಗಾಯಕರು ಬಾಯಿ ತೆರೆದದ್ದು ಕಂಡಿತು, ಹಾಡು ಕೇಳಿಸಲಿಲ್ಲ. ಸಭೆಯಲ್ಲಿ ಕೆಲವರು ಕೂಗಿ ಹೀಯಾಳಿಸಿದರು. ಬ್ರಾಮ್ಸನ ಬೆಂಬಲಿಗನಾದ ವಿಮರ್ಶಕ ಹಾನ್ಸ್‌ಲಿಕ್ ಕೂಡ, ಆ ಒಂದೇ ಸ್ವರದ ಒತ್ತಡ ಸುರಂಗದೊಳಗೆ ಧಾವಿಸುವ ರೈಲಿನಲ್ಲಿ ಕುಳಿತಂತೆ ಉಸಿರುಗಟ್ಟಿಸುತ್ತದೆಂದು ಬರೆದ. (ಕಳನಾಡಿನ ಸುರಂಗ ದಾಟುವಾಗಲೆಲ್ಲ ನನಗೆ ಆ ಪುಣ್ಯಾತ್ಮನ ನೆನಪಾಗುವುದುಂಟು.)

ಇಲ್ಲಿ ನನ್ನ ಕಿವಿ ಹಾನ್ಸ್‌ಲಿಕ್ಕನ ಕಿವಿಯಿಂದ ಬೇರೆಯಾಗುತ್ತದೆ, ಇದನ್ನು ಸ್ವಲ್ಪ ಧೈರ್ಯದಿಂದಲೇ ಹೇಳುತ್ತೇನೆ. ತಳದಲ್ಲಿ ಒಂದೇ ಸ್ವರ, ಮೇಲೆ ಎಲ್ಲ ಸಂಚಾರ: ಇದು ಅವರಿಗೆ ಸುರಂಗ, ನಮಗೆ ಶ್ರುತಿ. ಹಾರ್ಮೋನಿಯಂ ಪೆಟ್ಟಿಗೆಯ ಷಡ್ಜ ಹೊರಡದೆ ನಮ್ಮ ಭಾಗವತರು ಬಾಯಿ ತೆರೆಯುವುದಿಲ್ಲ. ತಂಬೂರಿ ನಿಂತರೆ ನಮಗೆ ಹಾಡು ಅನಾಥವಾದಂತೆ. ನಾಲ್ಕಾರು ಸಲ ಕೇಳಿದ ಮೇಲೆ ನನಗೆ ಇಡೀ ಕೃತಿಯಲ್ಲಿ ಮೊದಲು ಮನೆಯೆನಿಸಿದ ಜಾಗ ಈ ಫ್ಯೂಗೇ. ಆಗಿನ್ನೂ ಮಾತು ಗೊತ್ತಿರಲಿಲ್ಲ. ಬಳಿಕ ಇಂಗ್ಲಿಷ್ ಅನುವಾದ ಸಿಕ್ಕಿ ನೋಡಿದರೆ, ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ, ಯಾವ ಯಾತನೆಯೂ ಅವನ್ನು ಮುಟ್ಟದು ಎಂಬರ್ಥದ ಮಾತು ಅಲ್ಲಿದೆ. ಆ ಅಲುಗದ ಸ್ವರವೇ ಆ ಕೈ! ಅದಕ್ಕೆ ಸ್ವಲ್ಪ ಮುಂಚೆ ಬ್ಯಾರಿಟೋನ್ ಗಾಯಕನೊಬ್ಬ, ನನಗೊಂದು ಕೊನೆಯಿದೆಯೆಂಬುದನ್ನು ಕಲಿಸು ಎಂದು ಒಂಟಿಯಾಗಿ ಬೇಡಿಕೊಂಡು, ವೃಂದವೆಲ್ಲ ಅದನ್ನು ಪುನರುಚ್ಚರಿಸಿ, ಯಾವುದರ ಮೇಲೆ ನಂಬಿಕೆಯಿಡಲಿ ಎಂಬ ಪ್ರಶ್ನೆ ಬಂದು, ಸಂಗೀತ ನೆಲೆತಪ್ಪಿ ತೂಗಾಡುತ್ತಿರುತ್ತದೆ. ಆ ತೂಗಾಟದ ಬೆನ್ನಿಗೆ ಈ ಷಡ್ಜ. ಬ್ರಾಮ್ಸನಿಗೆ ದೇವರಿದ್ದನೋ ಇಲ್ಲವೋ, ಶ್ರುತಿಯಿತ್ತು.

ಹೀಗೆ ಬರೆದ ಮೇಲೆ ನನ್ನ ಮಲಯಾಳ ಮಾಷ್ಟ್ರು ಹಿಂದೊಮ್ಮೆ ಎತ್ತಿದ್ದ ಆಕ್ಷೇಪವನ್ನು ದಾಖಲಿಸದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. “ಮಾಷೇ, ನಿಮ್ಮ ಶ್ರುತಿಗೆ ಮೇಲಿನ ರಾಗ ಒಪ್ಪಿ ನಡೆಯುತ್ತದೆ. ಇಲ್ಲಿ ಮೇಲಿನವರು ಆ ಸ್ವರದೊಡನೆ ಜಗಳವಾಡಿಯೇ ಸಾಗುತ್ತಾರೆ. ಬಿಡಿಸಿಕೊಳ್ಳಲು ನೋಡುತ್ತಾರೆ, ಆಗುವುದಿಲ್ಲ” ಎಂದಿದ್ದರು. ಅವರು ಹೇಳಿದ್ದು ಸರಿ. ಪಾಶ್ಚಾತ್ಯ ಸ್ವರಮೇಳ ತನ್ನ ಸ್ವಭಾವದಿಂದಲೇ ಮನೆ ಬಿಟ್ಟು ಮನೆಗೆ ಹೋಗುವಂಥದ್ದು. ಅದನ್ನು ಒಂದು ಗೂಟಕ್ಕೆ ಕಟ್ಟಿದರೆ ಘರ್ಷಣೆ ಹುಟ್ಟಲೇಬೇಕು. ನಾನು ಕೇಳಿದ್ದು ನನ್ನ ತಂಬೂರಿಯನ್ನು, ಬ್ರಾಮ್ಸ್ ಬರೆದದ್ದು ಇನ್ನೊಂದನ್ನು. ಆದರೂ ಆ ಜಗಳದೊಳಗೂ ಕೆಳಗಿನ ಸ್ವರ ಕೋಪಿಸಿಕೊಳ್ಳದೆ ಇದ್ದಲ್ಲೇ ಇರುತ್ತದಲ್ಲ, ಅಷ್ಟರ ಮಟ್ಟಿಗೆ ನನ್ನ ಓದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಬ್ರೆಮೆನ್ನಿನ ಗಾಯನದಲ್ಲಿ ಇದ್ದದ್ದು ಆರು ಭಾಗಗಳು. ಅದಾದ ಮೇಲೆ, 1868ರ ಮೇ ತಿಂಗಳಲ್ಲಿ, ಬ್ರಾಮ್ಸ್ ಇನ್ನೊಂದನ್ನು ಬರೆದು ಐದನೆಯದಾಗಿ ಸೇರಿಸಿದ. ಏಳು ಭಾಗಗಳ ಪೂರ್ಣಕೃತಿ ಕೇಳಿಬಂದದ್ದು 1869ರ ಫೆಬ್ರವರಿ 18ರಂದು ಲೈಪ್‌ಸಿಗ್‌ನಲ್ಲಿ. ಸೇರಿಸಿದ ಭಾಗದಲ್ಲಿ ಒಂದು ಹೆಣ್ಣುದನಿ ಮಾತ್ರ ಮೇಲೆ ತೇಲುತ್ತದೆ, ನಿಮ್ಮನ್ನು ಮತ್ತೆ ಕಾಣುತ್ತೇನೆಂದು ಹೇಳುತ್ತ. ವೃಂದ ಕೆಳಗೆ ಬಹಳ ಮೆಲ್ಲನೆ, ತಾಯಿ ಸಂತೈಸುವ ಹಾಗೆ ಎಂಬ ಯೆಶಾಯನ ಮಾತನ್ನು ಗುನುಗುತ್ತದೆ. ಇಲ್ಲಿ ಮಾತಾಡುತ್ತಿರುವವರು ಯಾರು? ಬೈಬಲಿನ ಪ್ರಕಾರ ಮೇಲಿನ ದನಿಯ ಮಾತು ಯೇಸುವಿನದು, ಕೆಳಗಿನದು ದೇವರದು. ಬ್ರಾಮ್ಸ್ ಅದನ್ನು ಹೆಂಗಸಿಗೆ ಕೊಟ್ಟ. ದೇವಾಲಯದವರು ಕೇಳಿದ ವಿಮೋಚಕನ ಜಾಗದಲ್ಲಿ ಅವನು ತಂದು ನಿಲ್ಲಿಸಿದ್ದು ಒಬ್ಬ ತಾಯಿಯನ್ನು, ಎಂದು ನಾನು ಓದಿಕೊಳ್ಳುತ್ತೇನೆ. ತನ್ನ ತಾಯಿಗಾಗಿಯೇ ಬರೆದನೆಂದು ಅವನ ಆಪ್ತರು ನಂಬಿದ್ದರು. ಬ್ರಾಮ್ಸ್ ಮಾತ್ರ ಅಂಥ ವಿಷಯಗಳನ್ನು ಬಾಯಿಬಿಟ್ಟು ಹೇಳುವ ಜಾತಿಯವನಲ್ಲ. ನನ್ನ ಕ್ಯಾಸೆಟ್ಟು ಹೆಚ್ಚು ಸವೆದದ್ದು ಈ ಭಾಗದಲ್ಲಿ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೆಚ್ಚದ ಭಾಗಗಳೂ ಇವೆ. ನಾಲ್ಕನೆಯದು ಮುದ್ದಾಗಿದೆ, ಚರ್ಚುಗಳಲ್ಲಿ ಬಿಡಿಯಾಗಿ ಹಾಡುತ್ತಾರೆ, ಕೇಳಿ ಮರೆಯಬಹುದು. ಆರನೆಯದರಲ್ಲಿ, ನಮಗಿಲ್ಲಿ ಶಾಶ್ವತವಾದ ಊರಿಲ್ಲವೆಂದು ವೃಂದ ಅಲೆಮಾರಿಗಳಂತೆ ಹೆಜ್ಜೆಯಿಡುವ ಆರಂಭ ಅದ್ಭುತ. ಕೊನೆಯ ತುತ್ತೂರಿ ಮೊಳಗಿ, ಸಾವನ್ನೇ ನಿನ್ನ ಜಯವೆಲ್ಲಿ ಎಂದು ಮೂದಲಿಸುವ ಅಬ್ಬರವೂ ರೋಮಾಂಚಕರ. ವಿಚಿತ್ರವೆಂದರೆ ತುತ್ತೂರಿಯಿದೆ, ತೀರ್ಪಿಲ್ಲ; ಎಲ್ಲರೂ ಎದ್ದೇಳುತ್ತಾರೆ, ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ. ಆದರೆ ಅದರ ಬಾಲವಾಗಿ ಬರುವ ದೊಡ್ಡ ಫ್ಯೂಗ್ ಪಾಂಡಿತ್ಯದ ಮೆರವಣಿಗೆ. ಗೆದ್ದೆವೆಂದು ಅಷ್ಟು ಹೊತ್ತು ಸಾರಿದರೆ ಸಂಶಯ ಬರುತ್ತದೆ. ಬರ್ನಾರ್ಡ್ ಶಾ ಸಂಗೀತ ವಿಮರ್ಶಕನಾಗಿದ್ದ ಕಾಲದಲ್ಲಿ ಇಡೀ ಕೃತಿಯನ್ನೇ ಮನಸಾರೆ ಗೇಲಿ ಮಾಡಿದ್ದ. ಎಲ್ಲವನ್ನೂ ಒಪ್ಪಲಾರೆನಾದರೂ ಈ ಫ್ಯೂಗ್ ಕೇಳುವಾಗ ಅವನ ಗಡ್ಡದ ನಗೆ ಕಣ್ಣಮುಂದೆ ಬರುತ್ತದೆ.

ರೊಮ್ಯಾಂಟಿಕ್ ಯುಗದ ಭಕ್ತಿಸಂಗೀತವೆಲ್ಲ ಹೀಗೆ ಸಂಶಯದಿಂದಲೇ ಹುಟ್ಟಿತೆಂದು ತಿಳಿಯಬಾರದು. ಬ್ರಾಮ್ಸನ ಸಮಕಾಲೀನ, ವಿಯೆನ್ನಾದಲ್ಲಿ ಅವನ ಎದುರು ಪಾಳೆಯದವನೆಂದು ಎಣಿಸಲ್ಪಟ್ಟ ಆಂಟನ್ ಬ್ರೂಕ್ನರ್, ದಿನಕ್ಕೆ ಎಷ್ಟು ಸಲ ಯಾವ ಪ್ರಾರ್ಥನೆ ಹೇಳಿದೆನೆಂದು ಲೆಕ್ಕ ಬರೆದಿಡುತ್ತಿದ್ದ ಮುಗ್ಧ ಕ್ಯಾಥೊಲಿಕ. 1869ರಲ್ಲಿ, ಲಿಂಟ್ಸ್ ಪಟ್ಟಣದ ಹೊಸ ದೇವಾಲಯದ ಹರಕೆಯ ಗುಡಿಗಾಗಿ, ಈ ತಾಣ ದೇವರು ಮಾಡಿದ್ದೆಂಬ ಲ್ಯಾಟಿನ್ ಮಾತಿಗೆ ಅವನು ವಾದ್ಯವಿಲ್ಲದ ಒಂದು ಪುಟ್ಟ ವೃಂದಗಾನ ಬರೆದ. ಮೂರು ನಿಮಿಷದ್ದು. ಕೊನೆಗೆ ಬರುವ ಮೊದಲು ಎಲ್ಲರೂ ಒಮ್ಮೆ ಸುಮ್ಮನಾಗುತ್ತಾರೆ. ಬರಿಯ ಮೌನ, ಗೋಡೆಗಳೇ ಹಾಡು ಮುಂದುವರಿಸಲೆಂಬಂತೆ. ಬ್ರಾಮ್ಸನಲ್ಲಿ ಅಂಥ ಮೌನವಿಲ್ಲ. ಅವನಿಗೆ ಮಾತು ನಿಲ್ಲಿಸಲು ಭಯವಿತ್ತೇನೋ. ವೆರ್ದಿ ಎಂಬ ಇಟಲಿಯವನು ಕವಿ ಮಂಜೋನಿಯ ಸ್ಮರಣೆಗೆ 1874ರಲ್ಲಿ ಮಿಲಾನಿನ ಚರ್ಚಿನಲ್ಲಿ ಹಾಡಿಸಿದ ರೆಕ್ವಿಯೆಮ್ ಇವೆರಡಕ್ಕೂ ದೂರ. ಅಲ್ಲಿ ತೀರ್ಪಿನ ದಿನ ನಿಜವಾಗಿಯೂ ಗುಡುಗುತ್ತದೆ. ಪಾದ್ರಿಯ ಉಡುಪು ತೊಟ್ಟ ನಾಟಕವೆಂದು ಅದನ್ನು ಹೀಗಳೆದವರಿದ್ದರು. ಅದನ್ನು ಎತ್ತಿಹಿಡಿದವರಲ್ಲಿ ಬ್ರಾಮ್ಸನೇ ಒಬ್ಬನೆಂಬುದು ಅವನ ದೊಡ್ಡತನ. ನಂಬಿಕೆಯ ಶುದ್ಧಿಯನ್ನು ನೋಡಿದರೆ ಬ್ರೂಕ್ನರನೇ ಮೇಲು. ಬೆಳಗಿನ ಜಾವ ನಾನು ಕೇಳುವುದು ಅವನನ್ನೇ. ಸಾವಾದ ಮನೆಗೆ ಕರೆದೊಯ್ಯುವುದಾದರೆ ಬ್ರಾಮ್ಸನನ್ನು ಕರೆದೊಯ್ದೇನು.

ಈ ಶಕ್ತಿ ಎಲ್ಲಿಂದ ಬರುತ್ತದೆ? ರಚನೆಯಿಂದ ಎಂದರೆ ಅರ್ಧ ಉತ್ತರ. ಹಾಡುವವರು ಯಾರೆಂಬುದನ್ನೂ ನೋಡಬೇಕು. ಬರ್ಲಿನ್ನಿನ ಸಿಂಗ್ ಅಕಾಡೆಮಿ 1791ರಲ್ಲಿ ಆರಂಭವಾಯಿತು. 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಬಾಖನ ಮರೆತುಹೋಗಿದ್ದ ಮಹಾಕೃತಿ ‘ಮತ್ತಾಯನ ಯಾತನೆ’ಯನ್ನು ಅದೇ ಸಂಘದವರಿಂದ ಹಾಡಿಸಿದ. ಅವರೆಲ್ಲ ಹವ್ಯಾಸಿಗಳು. ಮುಂದಿನ ಐವತ್ತು ವರ್ಷಗಳಲ್ಲಿ ಜರ್ಮನಿಯ ಊರೂರುಗಳಲ್ಲಿ ವಕೀಲರು, ಅಂಗಡಿಯವರು, ಮಾಷ್ಟ್ರುಗಳು, ಅವರ ಹೆಂಡಂದಿರು, ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂಡಿ ಹಾಡುವ ಸಂಘಗಳು ಹುಟ್ಟಿದವು. ಬ್ರಾಮ್ಸ್ ತಾನೇ ಹ್ಯಾಂಬರ್ಗಿನಲ್ಲಿ ಹೆಂಗಸರ ವೃಂದವೊಂದನ್ನು ಕಟ್ಟಿ ಹಾಡಿಸಿದವನು. ಅವನ ರೆಕ್ವಿಯೆಮ್ ಬದುಕಿದ್ದು ಅಂಥ ಸಂಘಗಳಿಂದ. 1871ರಲ್ಲಿ ಲಂಡನ್ನಿನಲ್ಲಿ ಅದು ಮೊದಲು ಕೇಳಿಬಂದದ್ದು ಸಭಾಭವನದಲ್ಲಿ ಕೂಡ ಅಲ್ಲ, ಒಬ್ಬ ವೈದ್ಯರ ಮನೆಯಲ್ಲಿ, ವಾದ್ಯವೃಂದದ ಬದಲು ಇಬ್ಬರು ಪಿಯಾನೊ ನುಡಿಸಿ. ಇಂಥ ಉದ್ದುದ್ದ ಸಾಲುಗಳನ್ನು ಒಬ್ಬನ ಉಸಿರಿನಲ್ಲಿ ಹಾಡಲಾಗದು. ವೃಂದದಲ್ಲಿ ಒಬ್ಬೊಬ್ಬರು ಒಂದೊಂದು ಸ್ಥಳದಲ್ಲಿ ಕಳ್ಳತನದಿಂದ ಉಸಿರೆಳೆದುಕೊಳ್ಳುತ್ತಾರೆ. ಪಕ್ಕದವನು ಅಷ್ಟರಲ್ಲಿ ಸ್ವರವನ್ನು ಕಾಯುತ್ತಾನೆ. ಕೇಳುವವನಿಗೆ ಎಲ್ಲೂ ಕಡಿಯದ ಒಂದೇ ಉಸಿರು. ನಮ್ಮ ಭಜನಾ ಮಂದಿರದಲ್ಲಿ ಮುದುಕರೊಬ್ಬರ ದಮ್ಮು ಕಡಿದಾಗ ಹುಡುಗನೊಬ್ಬ ಸಾಲನ್ನು ಎತ್ತಿಕೊಳ್ಳುವುದನ್ನು ಕಂಡವನಿಗೆ ಇದೇನೂ ಹೊಸದಲ್ಲ. ಆದರೆ ಮೊದಲು ಅದನ್ನು ಉಸಿರಿನ ಲೆಕ್ಕದಲ್ಲಿ ನಾನು ನೋಡಿರಲಿಲ್ಲ.

ಕೃತಿಯ ಮೊದಲ ಶಬ್ದವೂ ಕೊನೆಯ ಶಬ್ದವೂ ಒಂದೇ: ‘ಸೇಲಿಶ್’. ಕನ್ನಡ ಬೈಬಲಿನಲ್ಲಿ ಅದು ‘ಧನ್ಯರು’, ಮಲಯಾಳದಲ್ಲಿ ‘ಭಾಗ್ಯವಾನ್ಮಾರ್’. ಇದರ ಕುರಿತು ನಾವಿಬ್ಬರು ಮಾಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಎಷ್ಟೋ ಮಧ್ಯಾಹ್ನ ಕಳೆದಿದ್ದೇವೆ. ಜರ್ಮನಿನಲ್ಲಿ ಆತ್ಮಕ್ಕೆ ‘ಸೇಲೆ’ ಎನ್ನುತ್ತಾರೆ. ‘ಸೇಲಿಶ್’ ಅದರಿಂದ ಬಂದದ್ದೆಂದು ಕಿವಿಗೆ ತೋರುತ್ತದೆ. ಬಂದದ್ದಲ್ಲ, ಅದರ ಬೇರು ಸುಖ, ಅದೃಷ್ಟ ಎಂಬರ್ಥದ ಬೇರೊಂದು ಹಳೆಯ ಮಾತು. ಆದರೂ ಜರ್ಮನ್ ಕೇಳುಗನ ಕಿವಿಯಲ್ಲಿ ಎರಡೂ ಒಂದನ್ನೊಂದು ಮುಟ್ಟುತ್ತವೆ. ನಮ್ಮ ‘ಧನ್ಯ’ದಲ್ಲಿ ಧನವಿದೆ, ಅವರ ‘ಭಾಗ್ಯ’ದಲ್ಲಿ ಪಾಲು ಇದೆ, ಆತ್ಮ ಎರಡರಲ್ಲೂ ಇಲ್ಲ. “ಪಾಲು ಎನ್ನುವುದು ಸರಿಯೇ ಮಾಷೇ, ಅಳುವುದೂ ಒಂದು ಪಾಲಲ್ಲವೇ, ಎಲ್ಲರಿಗೂ ಬರುವುದು” ಎಂದು ಅವರು ತಮ್ಮ ಶಬ್ದದ ಪರ ವಾದಿಸುತ್ತಿದ್ದರು. ನಾನು ಧನ್ಯವನ್ನು ಬಿಟ್ಟುಕೊಡುತ್ತಿರಲಿಲ್ಲ.

ಆ ಕ್ಯಾಸೆಟ್ಟನ್ನು ಅವರು ಹಿಂದಕ್ಕೆ ಕೇಳಲೇ ಇಲ್ಲ. 2001ರ ಮಳೆಗಾಲದಲ್ಲಿ ಟೇಪು ಬೂಷ್ಟು ಹಿಡಿದು ಯಂತ್ರಕ್ಕೆ ಸುತ್ತಿಕೊಂಡಿತು. ಪೆನ್ಸಿಲು ತೂರಿಸಿ ತಿರುಗಿಸಿ ಸರಿಮಾಡಿದರೂ ಐದನೆಯ ಭಾಗದ ನಡುವೆ ಒಂದಷ್ಟು ದೂರ ದನಿ ಮುಳುಗಿ ಏಳುತ್ತಿತ್ತು. ಈಗ ಮೊಮ್ಮಗಳ ಫೋನಿನಲ್ಲಿ ಅದೇ ಕ್ಲೆಂಪರರನ ಗಾಯನ ಕ್ಷಣದಲ್ಲಿ ಸಿಗುತ್ತದೆ, ಸ್ವಚ್ಛವಾಗಿ. ಹೋದ ವರ್ಷ ಮಾಷ್ಟ್ರ ಹೆಂಡತಿ ತೀರಿಕೊಂಡ ಸುದ್ದಿ ಬಂದಾಗ ನೀಲೇಶ್ವರದ ಅವರ ಮನೆಗೆ ಹೋದೆ. ಜಗಲಿಯಲ್ಲಿ ಒಬ್ಬರೇ ಕುಳಿತಿದ್ದರು. ಏನು ಹೇಳಬೇಕೆಂದು ತೋ‌ಚದೆ ಫೋನನ್ನು ಅವರ ಕೈಗೆ ಕೊಟ್ಟೆ. ಒಂದು ಗಳಿಗೆ ಅದನ್ನು ಹಿಡಿದುಕೊಂಡು ಕುಳಿತರು, ಮತ್ತೆ ನನ್ನ ಕಡೆಗೆ ನೋಡಿ ಕೇಳಿದರು: “ಆ ಹಾಳಾದ ಕ್ಯಾಸೆಟ್ಟು ಇನ್ನೂ ಇದೆಯಾ ಮಾಷೇ? ಆ ಮುಳುಗುವ ಜಾಗ ಬೇಕಿತ್ತು.”